ಖಾಲಿ ಬಿಟ್ಟ ಕಾಲಂ

ನನ್ನ ತಮ್ಮನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಸರಾಸರಿ. ಇಪ್ಪತ್ತು ವರ್ಷ ಅಂಕಿಅಂಶಗಳ ಇಲಾಖೆಯಲ್ಲಿ ಕುರ್ಚಿ ಸವೆಸಿದವನು. ಹೆಂಡತಿಗೆ ತನ್ನದೊಂದು ಕಿಡ್ನಿ ಕೊಡಲು ಹೊರಟ ದಿನವೂ, "ನೂರಕ್ಕೆ ತೊಂಬತ್ತು ಜನ ಚೆನ್ನಾಗೇ ಇರ್ತಾರೆ ಕಣಕ್ಕಾ" ಎಂದು ಅಂಕಿಯನ್ನೇ ಹೇಳಿದ್ದ.

ಆಪರೇಷನ್ ಆದ ಮೇಲೆ ಅವಳಿಗೆ ದಿನಕ್ಕೆ ಹದಿನಾಲ್ಕು ಮಾತ್ರೆ. ವಾರಕ್ಕೊಂದು ನಿಲ್ಲುತ್ತದೆ, ಇನ್ನೊಂದು ಬದಲಾಗುತ್ತದೆ. ಅವಳ ಫೋನಿನಲ್ಲಿದ್ದ ಕೆಲಸದ ಪಟ್ಟಿಯ ಆ್ಯಪನ್ನು ದಿನಾ ಕೈಯಾರೆ ತುಂಬುವುದು ಇವನಿಗೆ ಬೇಸರವಾಯಿತು. ಕಚೇರಿಯಲ್ಲಿ ಲೆಕ್ಕಾಚಾರಕ್ಕೆ ಬಳಸುವ 'ಆರ್' ಭಾಷೆಯಲ್ಲಿ ಪ್ರೋಗ್ರಾಮ್ ಬರೆದ. ಮಾತ್ರೆಯ ಹೆಸರು, ಹೊತ್ತು, ಶುರುವಾದ ದಿನ, ಕೊನೆಯ ದಿನ ಎಲ್ಲವೂ ಒಂದು ಕೋಷ್ಟಕದಲ್ಲಿ. ಬೆಳಿಗ್ಗೆ ಆರಕ್ಕೆ ಅದು ತಾನೇ ಓದಿ, ಅಂದಿನ ಪಟ್ಟಿಯನ್ನು ಆ್ಯಪಿಗೆ ಕಳಿಸುತ್ತಿತ್ತು.

"ಇನ್ಮೇಲೆ ಮರೆಯೋ ಮಾತೇ ಇಲ್ಲ" ಎಂದು ಬೀಗಿದ. ಸುಡುಗಾಡು ಬುದ್ಧಿವಂತಿಕೆ!

ಒಂಬತ್ತನೆಯ ದಿನ ಅವಳಿಗೆ ಜ್ವರ ಬಂತು, ಮುಖ ಊದಿತು. ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ತಡೆಯುವ ಮಾತ್ರೆ ತಗೊಳ್ತಿದ್ದೀರಾ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಅದು ಪಟ್ಟಿಯಲ್ಲಿ ಬರ್ಲಿಲ್ಲ. ನೀವೇ ನಿಲ್ಸಿದೀರಿ ಅಂದ್ಕೊಂಡೆ" ಎಂದಳು.

ತಮ್ಮನ ಮುಖ ಬಿಳಿಚಿತು. ಆ ಮಾತ್ರೆ ಜೀವ ಇರುವವರೆಗೆ ನುಂಗಬೇಕಾದದ್ದು. ಅದಕ್ಕೇ ಕೊನೆಯ ದಿನ ಖಾಲಿ ಬಿಟ್ಟಿದ್ದ. ಕಚೇರಿಯಲ್ಲೋ, ಏನಾದರೂ ಖಾಲಿ ಇರುವ ಸಾಲನ್ನು ಮೊದಲು ಕಿತ್ತೆಸೆದು ಆಮೇಲೆ ಮುಂದಿನ ಲೆಕ್ಕ. ಅಭ್ಯಾಸಬಲ, ಇಲ್ಲೂ ಕೈ ಹಾಗೇ ಬರೆದಿತ್ತು; ಆ ಮಾತ್ರೆಯ ಸಾಲೇ ಪಟ್ಟಿಯಿಂದ ಹಾರಿಹೋಗಿತ್ತು.

"ನಾನೇ ಕೊಟ್ಟು ನಾನೇ ಕಿತ್ಕೊಂಡೆ ಅಕ್ಕಾ" ಎಂದು ವಾರ್ಡಿನ ಹೊರಗೆ ಹಣೆ ಚಚ್ಚಿಕೊಂಡ. ಬಾಯಿತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಇಂಜೆಕ್ಷನ್ ಕೊಟ್ಟಿದ್ದರು, ಕಿಡ್ನಿ ಉಳಿಯುತ್ತದೋ ಇಲ್ಲವೋ, ಗುರುವಾರದ ರಕ್ತದ ವರದಿಯೇ ಹೇಳಬೇಕಿತ್ತು.

ಸಂಜೆ ಅವಳ ಮಂಚದ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದ. ಪ್ರೋಗ್ರಾಮ್ ಮುಟ್ಟಲು ಭಯ. ಕೋಷ್ಟಕದಲ್ಲಿ ಕೊನೆಯ ದಿನದ ಖಾಲಿ ಜಾಗ ತುಂಬಿದರೆ ಸಾಕು ಎಂದ. ಬೆರಳು ಮಾತ್ರ ಏಳಲಿಲ್ಲ.

"ಯಾವ ತಾರೀಖು ಹಾಕ್ಲಿ ಅಕ್ಕಾ? ಯಾವ್ದು ಹಾಕಿದ್ರೂ, ಅವತ್ತು ಇವಳು..."

"ಬಿಡ್ತು ಅನ್ನೋ!"

ಲ್ಯಾಪ್‌ಟಾಪ್ ಕಿತ್ತುಕೊಂಡು ನೂರು ವರ್ಷ ಆಚೆಯ ತಾರೀಖು ಕುಟ್ಟಿದೆ. ತಮ್ಮ ಪ್ರೋಗ್ರಾಮ್ ಓಡಿಸಿದ. ಅವಳ ಫೋನು ಟಿಣ್ ಎಂದಿತು.

ಅವಳು ಮಾತ್ರೆ ನುಂಗಿ, "ಅಯ್ಯೋ ಅತ್ತಿಗೆ, ಅಷ್ಟು ವರ್ಷ ಇವರ ಜೊತೆ ಏಗ್ಬೇಕಾ?" ಎಂದು ನಕ್ಕಳು.

ತಮ್ಮ ನಗಲಿಲ್ಲ. ಗುರುವಾರಕ್ಕೆ ಇನ್ನೂ ಎರಡು ದಿನ ಇತ್ತು.