ಮೊಳೆಯಕ್ಕನ ಕರಿ ಗುರುತು

ಬೆಳಗಿನ ಐದೂವರೆ. ರಸ್ತೆಯ ಕೊನೆಯ ಡ್ಯಾನ್ಸ್ ಹಾಲ್‌ನಲ್ಲೂ ಸಂಗೀತ ನಿಂತು ಹತ್ತು ನಿಮಿಷವಾಗಿದೆ. ಬಣ್ಣದ ದೀಪಗಳು ಒಂದೊಂದಾಗಿ ಆರುತ್ತಿವೆ. ಇಬ್ಬರು ಪ್ರವಾಸಿಗರು ತಮ್ಮ ಲಾಡ್ಜ್ ಯಾವ ಕಡೆಗಿದೆಯೆಂದು ನೆನಪಾಗದೆ ತಲೆ ಕೆರೆದುಕೊಳ್ಳುತ್ತ ನಿಂತಿದ್ದಾರೆ. ಅವರಿಂದ ಮಾರು ದೂರದಲ್ಲಿ, ನಡುರಸ್ತೆಯಲ್ಲೇ ಕುಕ್ಕುರುಗಾಲಲ್ಲಿ ಕೂತ ಹೆಂಗಸೊಬ್ಬರು ಎರಡು ಹಾಸುಗಲ್ಲುಗಳ ಸಂದಿಗೆ ಇಕ್ಕಳ ತೂರಿಸಿ ಏನನ್ನೋ ಕೀಳುತ್ತಿದ್ದಾರೆ. ಎಡಗೈ ಚಾಚಿ ಪ್ರವಾಸಿಗರಿಗೆ ದಾರಿ ತೋರಿಸುತ್ತಾರೆ. ಬಲಗೈಯ ಇಕ್ಕಳ ಮಾತ್ರ ಸಡಿಲವಾಗುವುದಿಲ್ಲ.

ಕೊನೆಗೂ ಹೊರಬಂದದ್ದು ಉಗುರಿಗಿಂತ ಚಿಕ್ಕದೊಂದು ರಬ್ಬರ್ ತುಂಡು.

"ಇದಕ್ಕೆ ನಾವು ಟೋಪಿ ಅಂತೀವಿ. ಹೀಲ್ಸ್ ತುದೀಲಿ ಇರುತ್ತಲ್ಲ, ಅದು. ಹೆಣ್ಮಕ್ಕಳಿಗೆ ಟೋಪಿ ಹಾಕೋದೇ ನನ್ ಕಸುಬು. ಆದ್ರೆ ಮೋಸ ಇಲ್ಲ ನೋಡಿ," ಎಂದು ನಗುತ್ತಾರೆ. ಎರಡು ವರ್ಷದ ಹಿಂದೆ ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಾದರೆ ಇಂಥವು ಬೊಗಸೆ ತುಂಬ ಸಿಗುತ್ತಿದ್ದವು. ಇವತ್ತು ಸಿಕ್ಕಿದ್ದು ಒಂದೇ ಒಂದು. ಚಪ್ಪಲಿ ಹೊಲಿಯುವವರು ಇದಕ್ಕೆ ಮುಖ ಸಪ್ಪಗೆ ಮಾಡಿಕೊಳ್ಳಬೇಕಿತ್ತು. ಇವರು ಮಾತ್ರ ಲಾಟರಿ ಹೊಡೆದವರ ಹಾಗೆ ಆ ಒಂದನ್ನು ಎತ್ತಿ ತೋರಿಸುತ್ತಾರೆ.

ರಸ್ತೆಗೆಲ್ಲ ಇವರು ಮೊಳೆಯಕ್ಕ. ಕೆಲಸಕ್ಕೆ ಕೂತಾಗ ತುಟಿಗಳ ನಡುವೆ ನಾಲ್ಕಾರು ಮೊಳೆ ಕಚ್ಚಿಕೊಂಡೇ ಇರುತ್ತಾರೆ. ವಯಸ್ಸು ಐವತ್ತೊಂದು. ಈ ರಸ್ತೆಗೆ ಬಂದು ಇಪ್ಪತ್ತಾರು ವರ್ಷ. ಐನೂರು ಹೆಜ್ಜೆ ಉದ್ದದ ಇಳಿಜಾರು, ಮೂರು ಡ್ಯಾನ್ಸ್ ಹಾಲ್, ಇಪ್ಪತ್ತಮೂರು ಬಾರು, ಮೇಲೆ ಕೆಳಗೆಲ್ಲ ಲಾಡ್ಜು. ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ನಾಲ್ಕಡಿ ಅಗಲದ ಗೂಡು. ಅದರಲ್ಲಿ ಇವರು, ಇವರ ಯಜಮಾನರು, ಬೂಟು ಕವುಚಿ ಬಡಿಯುವ ಕಬ್ಬಿಣದ ಪಾದ, ಮತ್ತು ಗೋಡೆಗೆ ನೇತುಹಾಕಿದ ಹನ್ನೆರಡು ಜೊತೆ ನೀಲಿ ರಬ್ಬರ್ ಚಪ್ಪಲಿ.

ಈ ನೀಲಿ ಚಪ್ಪಲಿಗಳದ್ದೇ ಒಂದು ಸಂಪ್ರದಾಯ. ಹೀಲ್ಸ್ ಮುರಿದುಕೊಂಡು ಒಂಟಿ ಕಾಲಲ್ಲಿ ಕುಂಟುತ್ತ ಬರುವ ಹೆಣ್ಣುಮಕ್ಕಳು ಕೆಲಸ ಮುಗಿಯುವ ತನಕ ಅವನ್ನು ಮೆಟ್ಟಿಕೊಂಡು ಹೋಗಬಹುದು. ಹೋದವರು ಕುಣಿತದಲ್ಲಿ ಮೈಮರೆತು ಬೆಳಗಿನ ಜಾವ ಬರುವುದೂ ಉಂಟು. "ಒಬ್ಬಳು ಮದುಮಗಳು ಬಿಳೀ ಗೌನಿಗೆ ನಮ್ ನೀಲಿ ಚಪ್ಪಲಿ ಹಾಕ್ಕೊಂಡು ಊರಿಗೇ ಹೋಗ್ಬಿಟ್ಳು. ಆಮೇಲೆ ಅಂಚೇಲಿ ಕಳಿಸಿದ್ಲು ಪುಣ್ಯಾತ್ಗಿತ್ತಿ, ಜೊತೆಗೆ ಮದ್ವೆ ಫೋಟೋನೂ," ಎಂದು ಯಜಮಾನರು ಕೂತಲ್ಲಿಂದಲೇ ದನಿಗೂಡಿಸುತ್ತಾರೆ. ಗೂಡು ಮೊದಲು ಅವರದ್ದೇ. ಏಳು ವರ್ಷದ ಹಿಂದೆ ಕೈ ನಡುಗಲು ಶುರುವಾಯಿತು. ಲಾಡ್ಜಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಅವರ ಪಕ್ಕ ಕೂತು ಸುತ್ತಿಗೆ ಹಿಡಿದರು. ಈಗ ದಾರಕ್ಕೆ ಮೇಣ ಹಚ್ಚುವುದು ಮತ್ತು ನೀಲಿ ಚಪ್ಪಲಿಗಳ ಲೆಕ್ಕ ಯಜಮಾನರದ್ದು. ಉಳಿದದ್ದೆಲ್ಲ ಮೊಳೆಯಕ್ಕನದು.

ಮಧ್ಯಾಹ್ನ ಗೂಡು ತೆರೆದರೆ ಮೊದಲು ಸೂಟ್‌ಕೇಸುಗಳ ಮುರಿದ ಚಕ್ರ, ಬೆನ್ನುಚೀಲದ ಕಿತ್ತ ಪಟ್ಟಿ. ಸಂಜೆ ನಾಲ್ಕಕ್ಕೆ ಸಪ್ಲೈಯರ್‌ಗಳ ಬೂಟು. ಬೂಟಿನ ಅಟ್ಟೆ ನೋಡಿಯೇ ಯಾವ ಹೋಟೆಲ್ಲಿನವನು ಎಂದು ಹೇಳಬಲ್ಲರು. ಮಹಡಿ ಹತ್ತುವವನ ಅಟ್ಟೆ ಮುಂದೆ ಸವೆಯುತ್ತದೆ, ಬಾಗಿಲಲ್ಲಿ ನಿಂತು ಗಿರಾಕಿ ಕರೆಯುವವನದು ಹಿಂದೆ. ರಾತ್ರಿ ಹತ್ತರಿಂದ ಹೀಲ್ಸ್. ಬೆಳಿಗ್ಗೆ ಆರಕ್ಕೆ ರಸ್ತೆ ತೊಳೆಯುವ ನೀರಿನ ಗಾಡಿ ಬರುವ ಮುಂಚೆ ಸಂದಿಗಳಿಂದ ಟೋಪಿ ಹೆಕ್ಕುವ ಕೆಲಸ. ಏಳಕ್ಕೆ ಮನೆ, ಅಂದರೆ ಅದೇ ಲಾಡ್ಜಿನ ಹಿಂಬದಿಯ ಒಂದೂವರೆ ಕೋಣೆ. ದಪ್ಪ ಪರದೆ ಎಳೆದು ನಿದ್ದೆ.

ಹೀಗೆ ಹಾಸುಗಲ್ಲಿನ ಸಂದಿಗಳಿಂದಲೇ ಹೊಟ್ಟೆ ತುಂಬುತ್ತಿದ್ದ ಮನೆಗೆ ಅದೇ ಸಂದಿ ಕಣ್ಣೀರು ಹಾಕಿಸಿತು. ಮೊಳೆಯಕ್ಕನ ಒಬ್ಬಳೇ ಮಗಳು ರಸ್ತೆಯ ಕೆಳತುದಿಯ ಹೋಟೆಲ್ಲಿನಲ್ಲಿ ಹೊರಗಿನ ಮೇಜುಗಳನ್ನು ನೋಡಿಕೊಳ್ಳುತ್ತಾಳೆ. ಹನ್ನೊಂದು ಭಾಷೆಯಲ್ಲಿ "ಬನ್ನಿ, ಕೂತ್ಕೊಳ್ಳಿ" ಎನ್ನಬಲ್ಲ ಚುರುಕು ಹುಡುಗಿ. ಎರಡು ವರ್ಷದ ಹಿಂದೆ ಸಂದಿಯಲ್ಲಿ ಕಾಲು ಸಿಕ್ಕಿ, ಎಂಟು ಬಟ್ಟಲು ಬಿಸಿ ಸೂಪಿನೊಂದಿಗೆ ಬಿದ್ದಳು. ಪಾದದ ಕೀಲು ಮುರಿಯಿತು, ಮೂರು ಸ್ಕ್ರೂ ಬಿದ್ದವು. ಐದು ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು, ಆದರೆ ಹೆದರಿಕೆ ಹೋಗಲಿಲ್ಲ. ನೆಲ ನೋಡುತ್ತಲೇ ನಡೆಯುತ್ತಿದ್ದಳು. ಗಿರಾಕಿಗಳು ಕೈ ಎತ್ತಿ ಎತ್ತಿ ಸೋತರು. ಮಾಲೀಕ ಕೆಟ್ಟವನಲ್ಲ, ಆದರೂ ಹೇಳಬೇಕಾದ್ದನ್ನು ಹೇಳಿದ: ಈ ಸೀಸನ್ ಮುಗಿಯುವುದರೊಳಗೆ ಸರಿಹೋಗದಿದ್ದರೆ ಒಳಗೆ ಪಾತ್ರೆ ತೊಳೆಯಲು ಹಾಕುತ್ತೇನೆ.

"ಪಾತ್ರೆ ತೊಳೆಯೋದೇನು ಕೀಳಲ್ಲ. ಆದ್ರೆ ನನ್ ಮಗಳಿಗೆ ಜನ ಬೇಕು, ಮಾತು ಬೇಕು. ಅವಳನ್ನ ಒಳಗೆ ಹಾಕಿದ್ರೆ ಬಾಡಿಹೋಗ್ತಾಳೆ," ಎನ್ನುತ್ತಾರೆ ಮೊಳೆಯಕ್ಕ.

ನಗರಸಭೆಗೆ ಮೂರು ಅರ್ಜಿ ಹೋದವು. ಇಡೀ ರಸ್ತೆ ಕೀಳಲು ಆಗುವುದಿಲ್ಲ, ಯಾವ್ಯಾವ ಕಲ್ಲು ಎಂದು ಗುರುತು ಹಾಕಿ ತೋರಿಸಿ ಎಂದರು. ಯಾವ ಸಂದಿ ಹೀಲ್ಸ್ ನುಂಗುತ್ತದೆ ಎಂಬುದು ಮೊಳೆಯಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಗಿನ ಜಾವ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆರಕ್ಕೆ ನೀರಿನ ಗಾಡಿ ಬಂದು ತೊಳೆಯಿತು. ಮೊಳೆಯಕ್ಕ ನಿದ್ದೆಯಲ್ಲಿರುವಾಗ ಹನ್ನೊಂದಕ್ಕೆ ನಗರಸಭೆಯವರು ಬಂದು ಏನೂ ಕಾಣದೆ ಹೋದರು. ಎರಡನೇ ಸಲವೂ ಅದೇ ಕಥೆ.

ಮೂರನೇ ಸಲ ಮೊಳೆಯಕ್ಕ ತಮ್ಮ ಕಸುಬಿನ ಬುದ್ಧಿ ಓಡಿಸಿದರು. ನೀರಿಗೆ ಜಗ್ಗದ ವಸ್ತು ಎಂದರೆ ಬೂಟ್ ಪಾಲಿಶ್! ಇಡೀ ರಾತ್ರಿ ಕೂತು ನೂರಾ ಎಂಬತ್ತೇಳು ಕಲ್ಲುಗಳ ಮೇಲೆ ಕರಿ ಪಾಲಿಶಿನಲ್ಲಿ ಗೀಟು ಎಳೆದರು. ನೀರಿನ ಗಾಡಿ ತೊಳೆದೂ ತೊಳೆದೂ ಸೋತಿತು. ಆದರೆ ಮಧ್ಯಾಹ್ನದ ಬಿಸಿಲು ಏರಿತು, ಪಾಲಿಶ್ ಮೆತ್ತಗಾಯಿತು. ಪ್ರವಾಸಿಗರ ಬಿಳಿ ಕ್ಯಾನ್ವಾಸ್ ಶೂಗಳೆಲ್ಲ ಕಪ್ಪಾದವು. ಸಂಜೆಯೊಳಗೆ ಗೂಡಿನ ಮುಂದೆ ಮೂವತ್ತೊಂಬತ್ತು ಜೊತೆ ಶೂ ಸಾಲುಗಟ್ಟಿದವು. ಒಂದು ಡ್ಯಾನ್ಸ್ ಹಾಲಿನ ಮಾಲೀಕ ತನ್ನ ಕೆಂಪು ನೆಲಹಾಸು ಹಾಳಾಯಿತೆಂದು ಕೆಂಡಾಮಂಡಲವಾದ. "ಏನಮ್ಮಾ, ನೀನೇ ಬಳಿಯೋದು, ನೀನೇ ಒರೆಸೋದು? ವ್ಯಾಪಾರ ಚೆನ್ನಾಗಿದೆ!" ಎಂದು ರಸ್ತೆಗೇ ಕೇಳುವಂತೆ ಕೂಗಿದ.

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ತಲೆ ಬಗ್ಗಿಸಿ ಮೂವತ್ತೊಂಬತ್ತು ಜೊತೆನೂ ಒರೆಸಿಕೊಟ್ಟೆ. ಒಬ್ರ ಹತ್ರಾನೂ ಕಾಸು ಮುಟ್ಟಲಿಲ್ಲ," ಎನ್ನುತ್ತಾರೆ. ಯಜಮಾನರು ಮಾತ್ರ ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ: "ಇವಳಿಗೆ ಕಲ್ಲಿಗೂ ಪಾಲಿಶ್ ಹಾಕೋ ಹುಚ್ಚು!"

ಹಾಲ್ ಮಾಲೀಕ ಅಷ್ಟಕ್ಕೆ ಬಿಡದೆ ದೂರು ಬರೆದ. ಮೂರು ಅರ್ಜಿ ಕೊಟ್ಟರೂ ಒಂದು ಕಲ್ಲು ಅಲುಗಿಸದ ಕಚೇರಿ ಒಂದು ದೂರಿಗೆ ಮಾರನೇ ದಿನವೇ ಓಡಿಬಂತು. ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರಮ್ಮ. ಪಾಲಿಶ್ ಬಳಿದವರು ಯಾರೆಂದು ವಿಚಾರಿಸಲು ಬಂದವಳು ಒಂದು ಗೀಟಿನ ಪಕ್ಕ ಪೆನ್ನು ಇಳಿಬಿಟ್ಟು ನೋಡಿದಳು. ಅರ್ಧ ಪೆನ್ನು ಒಳಗೆ ಹೋಯಿತು. ಇನ್ನೊಂದರ ಪಕ್ಕ ಇಳಿಬಿಟ್ಟಳು, ಅಲ್ಲೂ ಅಷ್ಟೇ. ಐನೂರು ಹೆಜ್ಜೆಯನ್ನೂ ಬಗ್ಗಿಕೊಂಡೇ ನಡೆದಳು. ನೂರಾ ಎಂಬತ್ತೇಳರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಎರಡು ತಿಂಗಳಲ್ಲಿ ಕಲ್ಲುಗಾರೆಯವರು ಬಂದರು. ಮೇಲಿನ ತುದಿಯಿಂದ ಒಂದೊಂದೇ ಸಂದಿ ತುಂಬುತ್ತ ಇಳಿದರು. ಮಗಳ ಹೋಟೆಲ್ ಮುಂದಿನ ಕೊನೆಯ ಹನ್ನೆರಡು ಕಲ್ಲುಗಳ ಕೆಲಸ ಮುಗಿದದ್ದು ಮೊನ್ನೆ ಗುರುವಾರ. ಸೀಸನ್ ಮುಗಿಯಲು ಇನ್ನು ಒಂಬತ್ತು ದಿನವಿದೆ.

ನಷ್ಟ ಇಲ್ಲವೆಂದಲ್ಲ. ಶನಿವಾರ ರಾತ್ರಿ ಇಪ್ಪತ್ತು ಹೀಲ್ಸ್ ಬರುತ್ತಿದ್ದ ಗೂಡಿಗೆ ಈಗ ಐದಾರು ಬಂದರೆ ಹೆಚ್ಚು. ಕೂತ ಚಾಪೆಯನ್ನು ತಾನೇ ಎಳೆದುಕೊಂಡಳು ಎಂದು ಆಡಿಕೊಂಡವರೂ ಇದ್ದಾರೆ. ಯಜಮಾನರೂ ಮೊದಲು ಗೊಣಗಿದವರೇ. ಈಗ ಹೆಂಡತಿಯ ಪರವಾಗಿ ಅವರೇ ವಕಾಲತ್ತು ವಹಿಸುತ್ತಾರೆ: "ಕಲ್ಲು ಸರಿಹೋದ್ರೆ ಕುಣಿಯೋರು ಕುಣಿಯೋದು ಬಿಡ್ತಾರಾ? ಅವರು ಕುಣೀಲಿ, ನಾವು ಹೊಲಿಯೋಣ."

ಭಾನುವಾರ ಸಂಜೆ ಏಳು. ದೀಪಗಳು ಹೊತ್ತಿವೆ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಮೊಳೆಯಕ್ಕ ಗೂಡನ್ನು ಯಜಮಾನರಿಗೆ ಒಪ್ಪಿಸಿ, ಹೊಲಿದ ಬೂಟು ಕೊಟ್ಟು ಬರುವ ನೆಪ ಮಾಡಿಕೊಂಡು ಕೆಳತುದಿಗೆ ಇಳಿಯುತ್ತಾರೆ. ಹೋಟೆಲ್ಲಿನ ಎದುರು ಒಂದು ಕಂಬಕ್ಕೆ ಒರಗಿ ನಿಲ್ಲುತ್ತಾರೆ. ಮಗಳಿಗೆ ಅಮ್ಮ ಬಂದದ್ದು ಗೊತ್ತಿಲ್ಲ.

ತಟ್ಟೆಯ ತುಂಬ ಗಾಜಿನ ಲೋಟ ಹೊತ್ತು ಮಗಳು ಹೊರಗೆ ಬರುತ್ತಾಳೆ. ಹೊಸಿಲಲ್ಲಿ ಒಂದು ಕ್ಷಣ ತಡೆಯುತ್ತಾಳೆ. ಮೊಳೆಯಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. ಆಗಲೇ ದೂರದ ಮೂಲೆಯ ಮೇಜಿನಲ್ಲಿ ಮುದುಕರೊಬ್ಬರು ಅರ್ಧಕ್ಕೆ ಕೈ ಎತ್ತುತ್ತಾರೆ. ಪೂರ್ತಿ ಎತ್ತುವ ಮೊದಲೇ ಮಗಳ ದನಿ ಅತ್ತ ಹಾರುತ್ತದೆ: "ಬಂದೆ ಸರ್, ಬಂದೆ!" ಹನ್ನೆರಡು ಕಲ್ಲುಗಳನ್ನು ದಾಟಿ ಅವಳು ಹೋಗಿಯೇಬಿಡುತ್ತಾಳೆ.

ಮೊಳೆಯಕ್ಕ ಕಣ್ಣು ಒರೆಸಿಕೊಂಡು ಕೊನೆಗೆ ಹೇಳುವುದು ಇಷ್ಟೇ: "ನೋಡಿದ್ರಾ? ಕೆಳಗೆ ನೋಡಲೇ ಇಲ್ಲ ನನ್ ಮಗಳು."