ಆಷಾಢದ ಮಾಣಿಕ್ಯ

ನಾನು ಆಷಾಢದಲ್ಲಿ ಹುಟ್ಟಿದವಳು. ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ನನಗೆ ಮದುವೆಯಾಗಬೇಕಾಯಿತು. ಅದಕ್ಕೆ ಮೊದಲು ಯಾರಾದರೂ ಕೇಳಿದರೆ, ಶ್ರಾವಣದ ಹತ್ತಿರ ಹತ್ತಿರ ಎಂದು ಮಾತು ತೇಲಿಸಿಬಿಡುತ್ತಿದ್ದೆ.

ಲಷ್ಕರ್ ಮೊಹಲ್ಲಾದ ನಮ್ಮ ತವರಿನಲ್ಲಿ ಅಣ್ಣಂದಿರು ಹುಟ್ಟಿದ ದಿನ ಬಂದರೆ ಎಣ್ಣೆನೀರು, ಆರತಿ, ಶಾವಿಗೆ ಪಾಯಸ. ನನ್ನ ದಿನ ಬಂದರೆ ಅಜ್ಜಿ, "ಆಷಾಢದಲ್ಲಿ ಎಂಥದ್ದೇ ಸಂಭ್ರಮ? ಶ್ರಾವಣ ಬರ್ಲಿ ತಡಿ" ಅನ್ನುತ್ತಿದ್ದರು. ಶ್ರಾವಣ ಬರುತ್ತಿತ್ತು, ಅದರ ಜೊತೆ ವರಮಹಾಲಕ್ಷ್ಮಿಯೂ ಬರುತ್ತಿದ್ದಳು. ಲಕ್ಷ್ಮಿಗೆಂದು ಮಾಡಿದ ಒಬ್ಬಟ್ಟಿನಲ್ಲಿ ಒಂದನ್ನು ನನ್ನ ಎಲೆಗೆ ಹಾಕಿ, "ನಿಂದೂ ಇದ್ರಲ್ಲೇ ಆಯ್ತು ಬುಡು" ಎಂದು ಮುಗಿಸುತ್ತಿದ್ದರು. ದೇವರ ಜೊತೆ ಹಬ್ಬ ಹಂಚಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ, ನೀವೇ ಹೇಳಿ! ಆದರೆ ನನಗೆ ಬೇಕಾಗಿದ್ದದ್ದು ಭಾಗ್ಯವಲ್ಲ, ನನ್ನ ಹೆಸರಿನಲ್ಲೇ ಒಲೆಗೇರಿದ ಒಂದು ಪಾತ್ರೆ ಪಾಯಸ. ಲಕ್ಷ್ಮಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಮದುವೆಯಾಗಿ ಕೃಷ್ಣಮೂರ್ತಿಪುರಕ್ಕೆ ಬಂದೆ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದಲ್ಲ, ಜಟಕಾ ಹತ್ತಿಸಿ ತವರಿಗೆ ಕಳಿಸಿದರು. ಅಲ್ಲಿ ಯಥಾಪ್ರಕಾರ ಶ್ರಾವಣಕ್ಕೆ ಕಾಯುವ ಕೆಲಸ. ಎರಡನೆಯ ವರ್ಷ ಇಲ್ಲೇ ಇದ್ದೆ. ಆಗ ಪಕ್ಕದ ಮನೆಯ ಮೇರಿ ಟೀಚರ್ ಕೈಯಲ್ಲಿದ್ದ ಕೆಂಪು ಹರಳಿನ ಉಂಗುರ ನನ್ನ ಕಣ್ಣಿಗೆ ಬಿತ್ತು.

"ನಾನು ಜನವರಿಯಲ್ಲಿ ಹುಟ್ಟಿದ್ದು, ಅದಕ್ಕೇ ಈ ಗಾರ್ನೆಟ್ಟು. ಒಂದೊಂದು ತಿಂಗಳಿಗೆ ಒಂದೊಂದು ಕಲ್ಲು ಕಣ್ರೀ. ನಿಮ್ಮದು ಯಾವ ತಿಂಗಳು?" ಎಂದರು.

"ಜುಲೈ" ಎಂದೆ. ಆಷಾಢ ಎನ್ನುವುದಕ್ಕಿಂತ ಅದು ಎಷ್ಟೋ ಸಲೀಸು.

"ಅಯ್ಯೋ, ನಿಮಗೆ ಮಾಣಿಕ್ಯ!"

ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಹುಟ್ಟಿದ ತಿಂಗಳನ್ನೇ ಮುಚ್ಚಿಟ್ಟುಕೊಂಡಿದ್ದವಳಿಗೆ ರತ್ನಗಳ ರಾಜನೇ ಸಿಕ್ಕಿದ್ದ! ಮೇರಿ ಟೀಚರ್ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಸೆಪ್ಟೆಂಬರಿನವರಿಗೆ ನೀಲವಂತೆ. ನಮ್ಮ ಕಡೆ ನೀಲವೆಂದರೆ ಶನಿಯ ಕಲ್ಲು. ಅದನ್ನು ದಿಂಬಿನಡಿ ಇಟ್ಟು ಮಲಗಿ, ಕೆಟ್ಟ ಕನಸು ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೇ ಬೆರಳಿಗೆ ಹಾಕುವುದು. ಮೇರಿ ಟೀಚರ್ ಕಡೆಯವರು, ಹುಟ್ಟಿದ ತಿಂಗಳಿನ ಧೈರ್ಯದ ಮೇಲೇ ಹಾಕಿಕೊಂಡುಬಿಡುತ್ತಾರೆ. ನಮ್ಮಲ್ಲಿ ಕಲ್ಲು ಗ್ರಹಕ್ಕೆ ಅಂಜಿ ತೊಡುವುದು. ಅವರಲ್ಲಿ ನಾನು ಹುಟ್ಟಿದೆನಲ್ಲ ಎಂಬ ಖುಷಿಗೆ ತೊಡುವುದು. ಈ ಎರಡನೆಯದು ನನಗೆ ಬಹಳ ಹಿಡಿಸಿತು.

ನಮ್ಮ ಯಜಮಾನರದು ಏಪ್ರಿಲ್. "ನಿಮಗೆ ವಜ್ರ ಕಣ್ರೀ" ಎಂದೆ. ಅವರು ಮೂಲೆಯಲ್ಲಿದ್ದ ತಮ್ಮ ತೇಪೆ ಹಾಕಿದ ಛತ್ರಿಯನ್ನೊಮ್ಮೆ ನೋಡಿ ಸುಮ್ಮನಾದರು. ಸುಮ್ಮನೇ ಇದ್ದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಕೂತಾಗ, "ಅವ್ವ, ನಿನ್ನ ಸೊಸೆಗೆ ಮಾಣಿಕ್ಯ ಬೇಕಂತೆ" ಎಂದುಬಿಟ್ಟರು.

ನಮ್ಮತ್ತೆ ನಂಜನಗೂಡಿನ ಕಡೆ ಹಳ್ಳಿಯವರು. ಹೊಲ ಗದ್ದೆಯಲ್ಲಿ ದುಡಿದ ಮೈ, ಒಡೆದು ಹೇಳುವ ಬಾಯಿ. ಮುದ್ದೆ ತಿರುವುವ ಹಿಟ್ಟಿನ ಕೋಲು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ಅಯ್ಯೋ, ಬೇಕು ಅಂತಲ್ಲ ಅತ್ತೆ... ನಾನು ಹುಟ್ಟಿದ್ದು ಆಷಾಢದಲ್ಲಿ. ತವರಲ್ಲಿ ಶ್ರಾವಣ ಬರ್ಲಿ ತಡಿ ಅಂತಿದ್ರು" ಎಂದು ತಡವರಿಸಿ ತಲೆ ತಗ್ಗಿಸಿದೆ. ಇವರೂ ಶ್ರಾವಣ ಬರಲಿ ಅಂದುಬಿಟ್ಟರೆ ನನಗೆ ಈ ಜನ್ಮದಲ್ಲಿ ಹುಟ್ಟಿದ ದಿನ ಇಲ್ಲ ಎಂದೇ ಲೆಕ್ಕ.

"ಆಷಾಢದೋಳಾ ನೀನು? ಮೊದ್ಲೇ ಏಳ್ಬಾರ್ದಾ!" ಎಂದರು ಅತ್ತೆ. "ಬೆಟ್ಟದ ತಾಯಿ ಹುಟ್ಟಿದ್ದೂ ಆಷಾಢದಲ್ಲೇ ಅಲ್ವೇನವ್ವ? ಅವಳ್ನ ಯಾರಾದ್ರೂ ಶ್ರಾವಣ ಬರ್ಲಿ ತಡಿ ಅಂದವ್ರಾ?"

ಆಷಾಢದ ಶುಕ್ರವಾರ ಊರಿಗೆ ಊರೇ ಬೆಟ್ಟ ಹತ್ತುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಚಾಮುಂಡಿಯ ವರ್ಧಂತಿಯ ಪ್ರಸಾದ ತಿಂದವಳು. ಆದರೂ ಆ ತಾಯಿಗೂ ನನಗೂ ಒಂದೇ ತಿಂಗಳು ಎನ್ನುವುದು ಹೊಳೆದೇ ಇರಲಿಲ್ಲ.

ನನ್ನ ದಿನ ಬಂತು. ಬೆಳಗ್ಗೆ ಅತ್ತೆಯೇ ತಲೆಗೆ ಎಣ್ಣೆ ಹಚ್ಚಿ ತಟ್ಟಿದರು. ಮಧ್ಯಾಹ್ನ ಶಾವಿಗೆ ಪಾಯಸ. ಪಕ್ಕದಲ್ಲಿ ಬಟ್ಟಲ ತುಂಬ ಬಿಡಿಸಿಟ್ಟ ದಾಳಿಂಬೆ ಕಾಳು.

"ತಕೊ, ನಿನ್ನ ಮಾಣಿಕ್ಯ. ಇಷ್ಟೊಂದು ಅರಮನೆಲೂ ಇರಾಕಿಲ್ಲ."

ನಗಬೇಕೆಂದುಕೊಂಡೆ, ಅಳು ಬಂದುಬಿಟ್ಟಿತು. ಗಾರ್ನೆಟ್ ಎಂಬ ಹೆಸರೇ ದಾಳಿಂಬೆಯಿಂದ ಬಂದದ್ದು, ಹಾಗಾಗಿ ಅತ್ತೆ ಕೊಟ್ಟದ್ದು ಜನವರಿಯ ಕಲ್ಲು ಎಂದು ಮೇರಿ ಟೀಚರ್ ಆಮೇಲೆ ತಕರಾರು ತೆಗೆದರು. ತೆಗೆಯಲಿ ಬಿಡಿ. ನನಗೆ ಅದಕ್ಕಿಂತ ದೊಡ್ಡ ಒಡವೆ ಇವತ್ತಿಗೂ ಸಿಕ್ಕಿಲ್ಲ.

ಕಣ್ಣೊರೆಸಿಕೊಂಡು, "ಅತ್ತೆ, ನಿಮ್ಮದು ಯಾವ ತಿಂಗಳು?" ಎಂದು ಕೇಳಿದೆ. ನಾನು ಕಲಿತ ವಿದ್ಯೆ ತೋರಿಸಬೇಕಿತ್ತು, ಇವರ ಕಲ್ಲು ಯಾವುದೆಂದು ಹೇಳಬೇಕಿತ್ತು.

ಅವರು ನಕ್ಕರು. "ನಂಗೆಲ್ಲಿ ತಿಂಗ್ಳವ್ವ! ನಮ್ಮವ್ವ ನನ್ನ ಹೆತ್ತ ಒಂದ್ವಾರಕ್ಕೆ ತೀರೋದ್ಲು. ಯಾವಾಗ ಹುಟ್ಟಿದ್ನೋ ಯಾರು ನೆನಪಿಟ್ಕೊಂಡಿರ್ತಾರೆ?"

ನನಗೆ ತಿಂಗಳನ್ನು ಕೊಟ್ಟವರಿಗೆ ತಮ್ಮದೆಂಬ ಒಂದು ದಿನವೂ ಇರಲಿಲ್ಲ. ಇನ್ನೊಂದು ಲೋಟಕ್ಕೆ ಪಾಯಸ ಬಗ್ಗಿಸಿ, ಮೇಲೆ ಒಂದು ಹಿಡಿ ದಾಳಿಂಬೆ ಹಾಕಿ ಅವರ ಕೈಗಿಟ್ಟೆ. "ನಿಮ್ಮದೂ ಇದರಲ್ಲೇ ಆಯ್ತು ಬಿಡಿ, ಅತ್ತೆ" ಎಂದೆ. ಬಾಯಿಂದ ಬಂದ ಮೇಲೆ ಗೊತ್ತಾಯಿತು, ಅದು ಅಜ್ಜಿಯ ಮಾತು. ಇಷ್ಟು ವರ್ಷ ನನ್ನನ್ನು ಅಳಿಸಿದ ಮಾತು ಆ ದಿನ ಎಷ್ಟು ಸಿಹಿಯಾಗಿತ್ತೆಂದರೆ, ಲಕ್ಷ್ಮಿಯ ಮೇಲಿದ್ದ ಹೊಟ್ಟೆಕಿಚ್ಚೂ ಅಲ್ಲಿಗೇ ಇಳಿಯಿತು.

ಅಂದಿನಿಂದ ಪ್ರತಿ ವರ್ಷ ನಮ್ಮ ಮನೆಯಲ್ಲಿ ಎರಡು ಲೋಟ ಪಾಯಸ. ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು ಎನ್ನುವ ತಿಂಗಳಲ್ಲೇ ನಾವಿಬ್ಬರೂ ಒಂದೇ ದಿನ ಹುಟ್ಟುತ್ತೇವೆ.