ಹಲಸಿನ ಹಣ್ಣು ಬಿಡದ ತೋಳು

ಆಲೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ, ಕಾಫಿ ತೂಕ ನನ್ನ ಕೆಲಸ. ತಿನ್ನುವುದು ನನ್ನ ಚಟ. ಮನೆಯಲ್ಲಿ ಅಕ್ಕಿ ರೊಟ್ಟಿ ಮುಗಿಸಿ ಹೊರಟವನು ಆಳುಗಳು ಸಾಲಾಗಿ ವಾಸವಿದ್ದ ಲೈನ್ ಮನೆಗಳಲ್ಲಿ ಯಾರು ಕರೆದರೂ ಕೂತು ಮತ್ತೆ ತಿನ್ನುತ್ತಿದ್ದೆ. ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬುದು ನೆಪ. ತೋಟ ಸುತ್ತಲು ಮೊಪೆಡ್ ಇತ್ತು. ಅದು ಏರು ಹತ್ತದಿದ್ದರೆ ಅದನ್ನೇ ಬೈಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಆನೆಗಳು ಬರತೊಡಗಿದವು. ಹಣ್ಣಿನ ವಾಸನೆ ಹಿಡಿದು ಬರುತ್ತವೆಂದು ಹಲಸಿನ ಕಾಯಿಗಳನ್ನು ಎಳೆಯದರಲ್ಲೇ ಕಡಿಸುತ್ತಿದ್ದೆವು. ನಿಂತು ಕಡಿಸುತ್ತಿದ್ದವನು ನಾನೇ. ಅಂಥವನು ಒಂದು ಸಂಜೆ ನೆಂಟರ ಮನೆಯಿಂದ ಘಮ್ಮೆನ್ನುವ ಹಣ್ಣೊಂದನ್ನು ಎದೆಗವಚಿಕೊಂಡು ತೋಟದ ದಾರಿಯಲ್ಲಿ ಬರುತ್ತಿದ್ದೆ. ಹೆಂಡತಿ ಜೊತೆಗಿದ್ದಳು.

ತಿರುವಿನಲ್ಲಿ ಗಿಡ ಮುರಿದ ಸದ್ದಾಯಿತು. ಕಾಫಿ ಗಿಡಗಳ ಮೇಲೆ ಬೂದು ಬೆನ್ನು ಕಂಡಿತು.

“ಹಣ್ ಬಿಸಾಕ್ಬುಟ್ಟು ಓಡ್ರೀ” ಎಂದು ಅವಳು ಕಾಫಿ ಚೀಲ ಇಡುವ ಸ್ಟೋರ್ ಕಡೆ ಓಡಿದಳು. ನಾನೂ ಓಡಿದೆ, ಅಥವಾ ಓಡಿದೆನೆಂದುಕೊಂಡೆ. ತೊಡೆಗೆ ತೊಡೆ ಉಜ್ಜಿ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಹಿಂದೆ ಗಿಡಗಳು ಮುರಿಯುತ್ತಲೇ ಇದ್ದವು. ಮುಂದೆ ಅವಳ ಚಪ್ಪಲಿ ಸದ್ದು ನಿಂತಿತು. ತಿರುಗಿ ಬಂದಳು. ನನ್ನ ತೋಳಿನಿಂದ ಹಣ್ಣನ್ನು ಕಿತ್ತೆಸೆದು, ಕೈ ಹಿಡಿದು ಎಳೆದಳು. ಆನೆ ಹಣ್ಣಿನ ಹತ್ತಿರ ನಿಂತಿತು. ಅಷ್ಟರಿಂದ ಬದುಕಿದೆವು.

ಸ್ಟೋರಿನ ಜಗಲಿಯಲ್ಲಿ ಕೂತ ಮೇಲೆ ಹೆದರಿಕೆ ಹತ್ತಿತು. ಆನೆಗಿಂತ ನನ್ನ ತೋಳುಗಳಿಗೇ ಹೆದರಿದೆ. ಸಾಯುವ ಹೊತ್ತಿನಲ್ಲೂ ಅವು ಹಣ್ಣು ಬಿಟ್ಟಿರಲಿಲ್ಲ. ನನ್ನ ಹೊಟ್ಟೆಗೋಸ್ಕರ ಅವಳು ಸತ್ತಿದ್ದರೆ?

ಮಾರನೆಯ ದಿನದಿಂದ ಮೊಪೆಡ್ ಶೆಡ್ಡಿನಲ್ಲೇ ಉಳಿಯಿತು. ತೋಟವನ್ನು ನಡೆದೇ ಸುತ್ತಿದೆ. ಲೈನಿನಲ್ಲಿ ಕರೆದರೆ ಬರೀ ನೀರು ಕೇಳಿದೆ.

“ಯಾಕ್ ರೈಟ್ರೇ, ಸಕ್ರೆ ಕಾಯ್ಲೆ ಐತಾ?” ಎಂದು ಮುದುಕಿಯೊಬ್ಬಳು ಕನಿಕರಪಟ್ಟಳು.

“ಇಲ್ಲ ಕಣವ್ವ, ಹೆದ್ರಿಕೆ ಐತೆ” ಎಂದೆ.

ಮನೆಯಲ್ಲಿ ಒಂದೇ ಸಲ ಬಡಿಸಿಕೊಂಡು, ಅನ್ನದ ಪಾತ್ರೆಯನ್ನು ಅಡುಗೆಮನೆಯಲ್ಲೇ ಬಿಡುತ್ತಿದ್ದೆ. ಕತ್ತಲಾಗುವ ಮೊದಲೇ ಊಟ. ಮೊದಮೊದಲು ಪಾತ್ರೆಯ ಮುಚ್ಚಳ ಸದ್ದಾದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅಷ್ಟು ಆಸೆ, ಅದಕ್ಕಿಂತ ದೊಡ್ಡ ಭಯ. ಕೊಯ್ಲಿನ ಕಾಲಕ್ಕೆ ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ನಾನು ನಿಂತರೆ ಆಳುಗಳು ಬಿದ್ದು ಬಿದ್ದು ನಗುತ್ತಿದ್ದರು. ಸಡಿಲವಾದ ಬೆಲ್ಟಿಗೆ ಹೊಸ ತೂತು ಹೊಡೆಸಿದೆ.

ಮುಂದಿನ ಹಲಸಿನ ಕಾಲ. ಅದೇ ದಾರಿಯಲ್ಲಿ ನಾವಿಬ್ಬರೂ ಬರುತ್ತಿದ್ದೆವು, ಬರಿಗೈಯಲ್ಲಿ. ಹತ್ತಿರದಲ್ಲೇ ಆನೆ ಘೀಳಿಟ್ಟಿತು. ಓಡಿದೆ. ಕಾಲುಗಳು ಹಗುರಾಗಿದ್ದವು, ಉಸಿರು ಕಟ್ಟಲಿಲ್ಲ. ಸ್ಟೋರಿನ ಜಗಲಿ ಹತ್ತಿ ನಿಂತಾಗ, ಸುಳ್ಳೇಕೆ ಹೇಳಲಿ, ಹೆಮ್ಮೆಯಾಯಿತು. ಎಷ್ಟೋ ಹೊತ್ತಾದ ಮೇಲೆ ಅವಳು ಬಂದಳು, ಏದುಸಿರು ಬಿಡುತ್ತ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ.

“ಚೆನ್ನಾಗಿ ಓಡ್ತೀರ ಕಣ್ರೀ ಈಗ” ಎಂದಳು.

ಹೋದ ಸಲ ಅವಳು ತಿರುಗಿ ಬಂದಿದ್ದಳು. ನಾನು ತಿರುಗಿ ನೋಡಿಯೂ ಇರಲಿಲ್ಲ. ನನಗೆ ನನ್ನದೇ ಹೆದರಿಕೆ ಇನ್ನೂ ಹೋಗಿಲ್ಲ. ಈಗಲೂ ದಿನಾ ಇಬ್ಬರೂ ನಡೆಯಲು ಹೋಗುತ್ತೇವೆ. ಅವಳನ್ನು ಮುಂದೆ ಬಿಟ್ಟು ನಾನು ಹಿಂದೆ ಬರುತ್ತೇನೆ.